ಜೋಡಣೆಗೆ ಗಾತ್ರವಿಲ್ಲ

ಬಾಗಿಲಿಗೆ ಕರೆಗಂಟೆಯಿತ್ತು, ಆದರೂ ಯಾರೋ ಅಂಗೈಯಿಂದ ಬಡಿದರು. ಒಮ್ಮೆ ಬಡಿದು, ತಡೆದು, ಮತ್ತೊಮ್ಮೆ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ ಉಣ್ಣುತ್ತಿದ್ದವನ ಕೈಯಲ್ಲಿ ತುತ್ತು ಹಾಗೆಯೇ ನಿಂತಿತು. ಬಾಗಿಲು ತೆರೆದರೆ ಅಕ್ಕ. ಮನೆಯಲ್ಲಿ ಉಡುವ ಬಟ್ಟೆಯ ಮೇಲೆ ಭಾವನ ಸ್ವೆಟರ್ ಹಾಕಿಕೊಂಡಿದ್ದಳು. ಅದರ ತೋಳುಗಳು ಅವಳ ಬೆರಳುಗಳನ್ನೂ ಮುಚ್ಚಿದ್ದವು. ಭಾವ ಹೋಗಿಬಿಟ್ಟರು ಎಂದುಕೊಂಡ. ಹಾಗೆಂದುಕೊಂಡ ಕ್ಷಣದಲ್ಲಿ ದುಃಖಕ್ಕಿಂತ ಮೊದಲು, ನಾಳೆ ರಜೆ ಹಾಕಿದರೆ ಆಫೀಸಿನ ವರದಿಯನ್ನು ಯಾರಿಗೆ ವಹಿಸುವುದು ಎಂಬ ಯೋಚನೆ ಬಂತು. ಅದು ಬಂದದ್ದು ತನಗೆ ತಿಳಿಯಿತೆಂಬ ನಾಚಿಕೆ ಅದರ ಹಿಂದೆಯೇ ಬಂತು. ಅಕ್ಕ ಅವನನ್ನು ದಾಟಿ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದಳು. ಬಚ್ಚಲುಕಲ್ಲಿನ ಮೇಲೆ ಬಿದ್ದಿದ್ದ ಪಾತ್ರೆಗಳನ್ನು ಒಂದೊಂದಾಗಿ ನೀರಿಗೆ ಹಿಡಿಯತೊಡಗಿದಳು.

“ಏನಾಯ್ತಕ್ಕ?”

“ಸೋಪು ಎಲ್ಲಿಟ್ಟಿದ್ದೀಯ?”

“ಅಕ್ಕ.”

“ಮದುವೆ ಬೇಡ ಅಂದೋನು ಪಾತ್ರೆ ತೊಳೆಯೋದನ್ನಾದ್ರೂ ಕಲೀಬೇಕಿತ್ತು.”

ಅವನು ಸೋಪು ಕೊಟ್ಟ. ಅವಳ ಬೆನ್ನನ್ನೇ ನೋಡುತ್ತ ನಿಂತ. ತೀರಿಹೋದವರ ಮನೆಯಿಂದ ಬಂದವಳು ಹೀಗೆ ಬಾಣಲೆಯ ತಳ ಉಜ್ಜಲಾರಳು ಎಂದು ಲೆಕ್ಕ ಹಾಕಿ ಸಮಾಧಾನಪಟ್ಟುಕೊಂಡ. ಕೊನೆಯ ಲೋಟ ಬೋರಲು ಹಾಕಿ, ಒದ್ದೆ ಕೈಯನ್ನು ಸ್ವೆಟರಿಗೇ ಒರೆಸಿಕೊಂಡು ಅವಳು ತಿರುಗಿದಳು.

“ನಿಮ್ಮ ಭಾವ ನಗ್ತಾರೆ ಕಣೋ,” ಎಂದಳು.

ಭಾವನೂ ಅವನೂ ದುಡಿಯುತ್ತಿದ್ದುದು ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ; ಭಾವ ಅಲ್ಲಿ ಆಸ್ಪತ್ರೆಯೊಂದರ ಪ್ರಾಜೆಕ್ಟಿನ ತಂಡದಲ್ಲಿದ್ದರು. ತಿಂಗಳ ಕೊನೆಯಿಂದ ತಮ್ಮ ಅಗತ್ಯವಿಲ್ಲ ಎಂದು ಕಂಪನಿ ಹಿಂದಿನ ವಾರ ಭಾವನಿಗೆ ತಿಳಿಸಿತ್ತು. ಉಳಿದಿದ್ದ ರಜೆ ಹಾಕಿ ಅವರು ಮನೆಯಲ್ಲಿದ್ದರು. ಅಷ್ಟು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಮನೆಯ ಕಡೆ ತಲೆ ಹಾಕಿರಲಿಲ್ಲ. ಉಳಿದದ್ದನ್ನು ಅಕ್ಕ ಹೇಳಿದಳು. ಊಟಕ್ಕೆ ಕರೆದರೆ ಬಂದು ಕೂರುತ್ತಾರೆ, ಅನ್ನ ಕಲಸುತ್ತಾರೆ, ಕಲಸಿದ್ದನ್ನು ಹಾಗೆಯೇ ಬಿಟ್ಟು ಏಳುತ್ತಾರೆ. ಯಾಕೆ ಎಂದರೆ ನಗುತ್ತಾರೆ. ಅಂಗಿಗಳನ್ನೆಲ್ಲ ಮಡಿಸಿ, ಒಳ್ಳೆಯವನ್ನು ಒಂದು ಕಡೆ, ಹಳೆಯವನ್ನು ಒಂದು ಕಡೆ ಮಾಡಿದ್ದಾರೆ. ಇಂದು ಸಂಜೆ ಕರೆಂಟಿನ ಬಿಲ್ಲು ಬಂತು. ಅದು ಅವಳ ಹೆಸರಿನಲ್ಲಿತ್ತು. ವಿಚಾರಿಸಿದರೆ, ಎಲ್ಲವನ್ನೂ ನಿನ್ನ ಹೆಸರಿಗೆ ಮಾಡಿಸಿದ್ದೇನೆ, ಮುಂದೆ ಓಡಾಟ ತಪ್ಪುತ್ತದೆ ಎಂದರು.

“ಯಾರ ಓಡಾಟ? ಯಾವ ಮುಂದೆ?” ಎಂದಳು ಅಕ್ಕ. “ಮಾತ್ರೆ ತರ್ತೀನಿ ಅಂತ ಹೇಳಿ ಬಂದಿದ್ದೀನಿ. ಮಗಳನ್ನ ಪಕ್ಕದಲ್ಲಿ ಕೂರಿಸಿದ್ದೀನಿ, ಎದ್ದು ಹೋಗಬೇಡ ಅಂತ.”

“ನಾನು ಬಂದು ಮಾತಾಡ್ತೀನಿ.”

“ನಿನ್ನ ಹತ್ರಾನೂ ನಗ್ತಾರೆ. ನನಗೆ ಒಂದು ಹೆಸರು ಬೇಕು. ಆ ಆಸ್ಪತ್ರೆ ಪ್ರಾಜೆಕ್ಟನ್ನ ತುಂಡು ಮಾಡಿ ಅಂತ ಹೇಳಿದ್ದು ಯಾರು? ಅದು ಒಂದಾಗಿದ್ದಾಗ ಇವರಿಗೆ ಜಾಗ ಇತ್ತಲ್ಲ. ನಾನೇನೂ ಜಗಳಕ್ಕೆ ಹೋಗಲ್ಲ. ಆ ಹೆಸರನ್ನ ತಂದು ಇವರ ಮುಂದೆ ಇಡ್ತೀನಿ. ಒಬ್ಬನನ್ನ, ಒಂದೇ ಒಂದು ಸಲ, ಬಾಯಿ ತುಂಬ ಬೈದರೆ ಈ ಮನುಷ್ಯ ಉಣ್ಣುತ್ತಾರೆ. ಸಿಟ್ಟೇ ಬರದೆ ಹೋದ್ರೆ ನಂಗೆ ಭಯ ಕಣೋ.”

ಅವಳನ್ನು ಬೀದಿಯ ತಿರುವಿನವರೆಗೆ ಕಳಿಸಿ ಬಂದ ಮೇಲೆ ಅವನು ಆರಿದ ಅನ್ನದ ಮುಂದೆ ಕುಳಿತ. ಪರದೆಯ ಮೇಲೆ ಅವನ ನಕ್ಷೆ ಇನ್ನೂ ತೆರೆದೇ ಇತ್ತು. ಸಾಫ್ಟ್‌ವೇರಿನ ಗಾತ್ರವನ್ನು ಅಳೆಯುವುದು ಅವನ ಉದ್ಯೋಗ. ಬಳಸುವವರ ಮುಂದೆ ತೆರೆದುಕೊಳ್ಳುವ ಪ್ರತಿ ಪುಟಕ್ಕೆ ಇಷ್ಟು, ಒಳಗೆ ಹೋಗುವ ಪ್ರತಿ ಮಾಹಿತಿಗೆ ಇಷ್ಟು, ಹೊರಬೀಳುವ ಪ್ರತಿ ವರದಿಗೆ ಇಷ್ಟು ಎಂದು ಅಂಕ ಹಾಕಿ, ಕೂಡಿ, ಆ ಮೊತ್ತವನ್ನು ದುಡಿದ ಗಂಟೆಗಳಿಂದ ಭಾಗಿಸಿದರೆ ಒಬ್ಬೊಬ್ಬರ ಉತ್ಪಾದಕತೆ. ಪ್ರಾಜೆಕ್ಟು ದೊಡ್ಡದಾದಷ್ಟೂ ಆ ಅಂಕ ಇಳಿಯುತ್ತ ಹೋಗುತ್ತದೆ. ಹತ್ತು ಜನ ಸೇರಿದಲ್ಲಿ ದುಡಿಮೆಗಿಂತ ಮಾತು ಹೆಚ್ಚು, ಕಾಯುವಿಕೆ ಹೆಚ್ಚು, ಒಬ್ಬ ಮಾಡಿದ್ದನ್ನು ಇನ್ನೊಬ್ಬ ಅರ್ಥ ಮಾಡಿಕೊಳ್ಳುವ ಪಾಡು ಹೆಚ್ಚು. ಈ ಇಳಿಜಾರನ್ನು ಅವನು ಹಲವು ವರ್ಷಗಳಿಂದ ಬರೆಯುತ್ತ ಬಂದಿದ್ದ. ಇತ್ತೀಚೆಗೆ ಇನ್ನೊಂದು ಗೆರೆ ಕಾಣಿಸಿತ್ತು: ಕಂಪನಿಯ ಪ್ರಾಜೆಕ್ಟುಗಳ ಸರಾಸರಿ ಗಾತ್ರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿತ್ತು, ಉತ್ಪಾದಕತೆ ಏರುತ್ತಿತ್ತು. ಎರಡು ಗೆರೆಗಳು ನಡುವೆ ಎಲ್ಲೋ ಒಂದನ್ನೊಂದು ದಾಟುವುದನ್ನು ಮೊದಲ ಸಲ ನೋಡಿದ ಸಂಜೆ ಅವನಿಗೆ ಕಣ್ಣು ತುಂಬಿತ್ತು. ತನ್ನಂಥವನ ಕೈಯಿಂದಲೂ ಇಷ್ಟು ಚೆಂದದ್ದೊಂದು ಹೊರಬಂತೇ ಎಂದು ಬಹಳ ಹೊತ್ತು ಹಾಗೆಯೇ ಕುಳಿತಿದ್ದ. ಆದರೆ ಆಸ್ಪತ್ರೆಯೇನೂ ಚಿಕ್ಕದಾಗಿರಲಿಲ್ಲ. ಅಷ್ಟೇ ಹಾಸಿಗೆ, ಅಷ್ಟೇ ಔಷಧಿ, ಅಷ್ಟೇ ನರಳಾಟ. ಅದರ ಸಾಫ್ಟ್‌ವೇರನ್ನು ಒಂಬತ್ತು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಪ್ರಾಜೆಕ್ಟೆಂದು ಹೆಸರಿಟ್ಟಿದ್ದರು. ಅವನ ಗೆರೆ ಅದನ್ನು ಪ್ರಗತಿ ಎಂದು ಓದಿತ್ತು. ತುಂಡುಗಳೆಲ್ಲ ಇಳಿಜಾರಿನ ಮೇಲ್ತುದಿಯಲ್ಲಿ ಹೊಳೆಯುತ್ತಿದ್ದವು. ಅವುಗಳನ್ನು ಮತ್ತೆ ಒಂದಾಗಿ ನಡೆಯುವಂತೆ ಕೂಡಿಸುತ್ತಿದ್ದವರು ಭಾವ. ಕೂಡಿಸುವುದರಿಂದ ಹೊಸ ಪುಟ ತೆರೆಯುವುದಿಲ್ಲ, ಹೊಸ ವರದಿ ಹೊರಬೀಳುವುದಿಲ್ಲ. ದುಡಿದ ಗಂಟೆಗಳ ಎದುರು ಅವರ ಅಂಕ ಸೊನ್ನೆ.

ಒಂದು ಭಾನುವಾರ ಅಕ್ಕನ ಮನೆಯ ಊಟದ ಮೇಜಿನಲ್ಲಿ ಭಾವ ಕೇಳಿದ್ದರು, ಕೇಳುತ್ತಲೇ ಮಗಳ ತಟ್ಟೆಗೆ ಬಡಿಸುತ್ತ, ಎರಡನ್ನು ಸೇರಿಸೋ ಕೆಲಸಕ್ಕೆ ನಿಮ್ಮಲ್ಲಿ ಅಳತೆ ಏನಪ್ಪ ಎಂದು. ಅವನಿಗೆ ಹಸಿವಾಗಿತ್ತು. ಅದೊಂದು ಅಳೆಯೋಕೆ ಬರಲ್ಲ ಭಾವ, ಬಿಡಿ, ಎಂದಿದ್ದ. ಬಿಡಿ ಎಂದ ತನ್ನ ದನಿಯಲ್ಲಿದ್ದ ಪಂಡಿತನ ಗತ್ತು ಈಗ ಈ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳ ನಡುವೆ ಕೇಳಿಸಿತು. ಅದಕ್ಕೂ ಹಿಂದೆ, ಕಂಪನಿಯ ವಾರ್ಷಿಕ ಸಭೆಯಲ್ಲಿ ಅವನು ವೇದಿಕೆಯ ಮೇಲೆ ನಿಂತು ಗೆರೆಗಳನ್ನು ವಿವರಿಸಿದಾಗ, ಎಲ್ಲರ ಚಪ್ಪಾಳೆ ನಿಂತ ಮೇಲೂ ಹಿಂದಿನ ಸಾಲಿನಲ್ಲಿ ಒಂದು ಜೊತೆ ಕೈ ಬಡಿಯುತ್ತಲೇ ಇತ್ತು. ಜನ ತಿರುಗಿ ನೋಡಿ ನಕ್ಕಿದ್ದರು. ಭಾವನೆಂದು ಗೊತ್ತಾಗಿ ಅವನು ತಲೆ ತಗ್ಗಿಸಿ, ಕೈಯಲ್ಲಿದ್ದ ಹಾಳೆಗಳನ್ನು ಸರಿಪಡಿಸಿಕೊಳ್ಳುವವನಂತೆ ನಟಿಸಿದ್ದ. ಅಕ್ಕ ಹೆಸರು ಕೇಳಿದಾಗ ತನ್ನ ಎದೆ ಯಾಕೆ ಹಾರಿತು? ತುಂಡು ಮಾಡಿದ್ದು ತಾನಲ್ಲವೆಂದು ಗೊತ್ತಿತ್ತು. ಆದರೂ ಹೆಸರೊಂದು ಬೇಗ ಸಿಗಲಿ ಎಂದು ಅಕ್ಕನಿಗಿಂತ ಹೆಚ್ಚಾಗಿ ಅವನೇ ಬಯಸಿದ. ಬೇರೆಯವನ ಹೆಸರು ಸಿಕ್ಕರೆ ತನ್ನದನ್ನು ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಆಫೀಸಿನ ಕ್ಯಾಂಟೀನನ್ನು ದಾಟಬೇಕಾಯಿತು. ಅಲ್ಲಿನ ಗೋಡೆಗೆ ಅವನ ಎರಡು ಗೆರೆಗಳನ್ನು ಬಣ್ಣ ತುಂಬಿಸಿ, ಚೌಕಟ್ಟು ಹಾಕಿ ತೂಗಿಹಾಕಿದ್ದರು. ಕೆಳಗೆ ಕುಳಿತವನೊಬ್ಬ ಬ್ರೆಡ್ಡಿನ ಚೂರುಗಳನ್ನು ಮೇಜಿನಿಂದ ಒರೆಸುತ್ತ, “ಏರ್ತಾ ಇದ್ದೀವಿ ನೋಡಿ ಸರ್, ಹೀಗೇ ಬಿಟ್ರೆ ಸೂರು ತೂತಾಗುತ್ತೆ,” ಎಂದ. ಅಕ್ಕಪಕ್ಕದವರು ನಕ್ಕರು. ಅವನೂ ನಕ್ಕ, ನಕ್ಕದ್ದು ಕೆನ್ನೆಯ ಮೇಲೆ ಬಹಳ ಹೊತ್ತು ಅಂಟಿಕೊಂಡಿತ್ತು. ಆಸ್ಪತ್ರೆಯ ತಂಡ ಮೂರನೆಯ ಮಹಡಿಯಲ್ಲಿ. ಭಾವನ ಮೇಜಿನ ಮೇಲೆ ಯಾರದೋ ಒದ್ದೆ ಕೊಡೆಯನ್ನು ಬಿಚ್ಚಿ ಒಣಗಲು ಇಟ್ಟಿದ್ದರು; ಕುರ್ಚಿಯನ್ನು ಯಾರೋ ಎಳೆದೊಯ್ದಿದ್ದರು. ಅದರ ಎದುರಿಗೆ ಕೂರುವವಳು ಕತ್ತರಿ. ನಾಲಗೆಯ ಹರಿತಕ್ಕೆ ಬಿದ್ದ ಹೆಸರು. ಅವಳಿಗೆ ಬಂದದ್ದು ರಕ್ತಪರೀಕ್ಷೆಯ ತುಂಡು. ಒಡೆದ ಮೇಲೆ ಎಲ್ಲರಿಗಿಂತ ಎತ್ತರ ಹಾರಿದ ಅಂಕ ಅವಳದೇ. ರಾತ್ರಿಯೆಲ್ಲ ಹೊರಳಾಡಿ ಅವನು ಮನಸ್ಸಿನಲ್ಲಿ ತಲುಪಿದ್ದ ಹೆಸರೂ ಅವಳದೇ.

“ಬನ್ನಿ ಗಜಕಡ್ಡಿ ಸರ್,” ಎಂದಳು ಅವಳು, ಪರದೆಯಿಂದ ಕಣ್ಣೆತ್ತದೆ. ಅವನ ಉದ್ಯೋಗಕ್ಕೂ ಮೈಕಟ್ಟಿಗೂ ಸೇರಿ ಆಫೀಸು ಇಟ್ಟಿದ್ದ ಹೆಸರು ಅದು. “ಇವತ್ತು ಯಾರ ಉದ್ದ ಅಳೀಬೇಕು?”

“ಪ್ರಾಜೆಕ್ಟನ್ನ ಒಡೆಯೋಣ ಅಂತ ಮೊದಲು ಹೇಳಿದ್ದು ಯಾರು?”

ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತವು. “ನಾನೇ ಅಂದ್ಕೊಂಡು ಬಂದ್ರಾ?”

“ನಿನ್ನ ಅಂಕ ಎರಡರಷ್ಟಾಗಿದೆ.”

“ಆಗಿದೆ. ನನಗೆ ಕೈ ನಾಲ್ಕಾದ್ವಾ ಅಂತ ಎಣಿಸ್ಕೊಳ್ಳಿ.” ಎರಡೂ ಕೈ ಎತ್ತಿ ತೋರಿಸಿದಳು. ಉಗುರುಗಳನ್ನು ರಕ್ತ ಬರುವಷ್ಟು ಕಚ್ಚಿಕೊಂಡಿದ್ದಳು. “ಹೋದ ವರ್ಷ ಎಷ್ಟು ಮಾಡ್ತಿದ್ನೋ ಈಗಲೂ ಅಷ್ಟೇ ಮಾಡ್ತಿದ್ದೀನಿ ಸರ್. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಡೆದ ಮೇಲೆ ದೊಡ್ಡಣ್ಣನ್ನ ಯಾವ ಸಾಲಿಗೆ ಹಾಕಿದ್ರಿ?”

ತಂಡದ ಹುಡುಗರೆಲ್ಲ ಭಾವನನ್ನು ಕರೆಯುತ್ತಿದ್ದುದು ಹಾಗೆಯೇ. ಅವನು “ಇತರೆ,” ಎಂದ.

“ಇತರೆ.” ಅವಳು ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದಳು. “ನನ್ನ ತುಂಡಲ್ಲಿ ರೋಗಿ ಅಂದ್ರೆ ಒಂದು ನಂಬರು. ಔಷಧಿ ತುಂಡಲ್ಲಿ ಒಂದು ಹೆಸರು. ಬಿಲ್ಲಿನ ತುಂಡಲ್ಲಿ ಒಂದು ವಿಳಾಸ. ಮೂರೂ ಒಂದೇ ಜೀವ ಅಂತ ಈ ಸಾಫ್ಟ್‌ವೇರಿಗೆ ಹೇಳಿಕೊಡ್ತಿದ್ದೋರು ಯಾರು? ಇತರೆ. ಮೊನ್ನೆಯಿಂದ ನಾವು ಹೇಳಿಕೊಡ್ತಿದ್ದೀವಿ. ಅದು ಕಲೀತಿಲ್ಲ.”

“ಯಾರು ಅಂತ ಹೇಳು. ಮನೇಲಿ ಅವರು ಊಟ ಬಿಟ್ಟಿದ್ದಾರೆ.”

ಅವಳು ಅವನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. “ಮಾತು ಕೊಟ್ಟಿದ್ದೀವಿ ಸರ್, ತಂಡದವರೆಲ್ಲ.”

“ಯಾರಿಗೆ?”

“ಅದನ್ನ ಹೇಳಿದ್ರೆ ಎಲ್ಲಾ ಹೇಳಿದ ಹಾಗೆ. ಮೇಡಮ್ಮನ್ನ ಕೇಳಿ. ಅವರು ಯಾರಿಗೂ ಮಾತು ಕೊಡೋದಿಲ್ಲವಲ್ಲ.”

ಮೆಟ್ಟಿಲ ಬಳಿ ನಿಂತು ಅವನು ಭಾವನಿಗೆ ಫೋನು ಮಾಡಿದ. ಯಾಕೆ ಮಾಡಿದೆನೆಂದು ತಿಳಿಯಲಿಲ್ಲ. ಎತ್ತುತ್ತಾರೋ ಇಲ್ಲವೋ ಎಂದು ನೋಡಬೇಕಿತ್ತು, ಅಷ್ಟೇ ಇರಬಹುದು. ಎರಡನೆಯ ರಿಂಗಿಗೇ ಎತ್ತಿದರು.

“ಏನಪ್ಪ, ಕೆಮ್ಮು ಹೇಗಿದೆ?”

ತನಗೆ ಕೆಮ್ಮಿದ್ದದ್ದು ಅವನಿಗೇ ಮರೆತುಹೋಗಿತ್ತು. “ಹೋಯ್ತು ಭಾವ. ಊಟ ಆಯ್ತಾ?”

“ಈಗಿನ್ನೂ ಬೆಳಗಾಗಿದೆ. ನಿಮ್ಮಕ್ಕನ ಕಾಟ ನಿನಗೂ ಅಂಟಿತಾ?” ನಕ್ಕರು. ಆ ನಗುವನ್ನು ಅವನು ಕಿವಿಗೊಟ್ಟು ಅಳೆದ. ಎಲ್ಲಿಯೂ ಬಿರುಕಿರಲಿಲ್ಲ, ಇಳಿಸಂಜೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕುವ ದರ್ಜಿಯ ನಿರಾಳ ಅದರಲ್ಲಿತ್ತು. “ಮೂರನೇ ಮಹಡೀಲಿದ್ದೀಯಾ? ಮಕ್ಕಳೆಲ್ಲ ಹೇಗಿದ್ದಾರೆ?”

“ಇದ್ದಾರೆ.”

“ಯಾರನ್ನೂ ತೆಗೀಲಿಲ್ಲ ತಾನೇ?”

“ಇಲ್ಲ ಭಾವ.”

“ಸರಿ ಹಾಗಾದ್ರೆ,” ಎಂದರು. ಆ ಕಡೆಯಿಂದ ನೀರು ಸುರಿಯುವ ಸದ್ದು, ಅಕ್ಕ ಏನನ್ನೋ ಇಡುವ ಸದ್ದು ಕೇಳಿಸಿತು. ಕ್ಷಮಿಸಿ ಎನ್ನುವುದಕ್ಕೆ ಇದು ತಕ್ಕ ಗಳಿಗೆ ಎನಿಸಿತು. ಆದರೆ ಯಾವುದಕ್ಕೆ ಕ್ಷಮೆ ಎಂದು ಅವರು ಕೇಳಿದರೆ, ಕೇಳಿ ಮತ್ತೆ ನಕ್ಕರೆ ಎಂಬ ಅಳುಕಿನಲ್ಲಿ ಅಳೆದೂ ಸುರಿದೂ ನಿಂತಿರುವಾಗಲೇ, ಜೋಪಾನ ಎಂದು ಹೇಳಿ ಅವರೇ ಫೋನಿಟ್ಟರು.

ಮೇಡಮ್ಮನ ಕೋಣೆಗೆ ಗಾಜಿನ ಗೋಡೆ. ಹೊರಗೆ ಕಾಯುವವನು ಒಳಗಿನವರಿಗೆ ಪೂರ್ತಿ ಕಾಣುತ್ತಾನೆ. ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುವುದೂ ಕಾಣುತ್ತದೆ. ಕಂಪನಿಯ ಎಲ್ಲ ತಂಡಗಳ ಅಳಿವು ಉಳಿವು ಆಕೆಯ ಕೈಯಲ್ಲಿತ್ತು. ಸುಮಾರು ಹೊತ್ತು ಕಾಯಿಸಿ, ಬೆರಳಿನಿಂದ ಕರೆದರು. ಅವನು ರಾತ್ರಿಯಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳು ಬಾಗಿಲ ಬಳಿಯೇ ಉದುರಿಹೋದವು. “ಆಸ್ಪತ್ರೆ ಪ್ರಾಜೆಕ್ಟನ್ನ ಒಡೆಸಿದ್ದು ನೀವೇನಾ?” ಎಂದುಬಿಟ್ಟ, ಅಧಿಕಾರಿಯೊಬ್ಬರನ್ನು ಹಾಗೆ ಕೇಳಬಾರದು ಎಂಬುದು ಕೇಳಿದ ಮೇಲೆ ಹೊಳೆಯಿತು. ಬೈಗುಳಕ್ಕೆ ಕಾದ. ಆಕೆ ಬೈಯಲಿಲ್ಲ. ಕನ್ನಡಕ ತೆಗೆದು ಮೂಗಿನ ಮೇಲಿನ ಎರಡು ಕೆಂಪು ಗುರುತುಗಳನ್ನು ಉಜ್ಜಿಕೊಂಡರು. ಕನ್ನಡಕವಿಲ್ಲದ ಮುಖ ದಣಿದ ಹೆಂಗಸೊಬ್ಬಳ ಮುಖವಾಗಿತ್ತು. ಅಷ್ಟು ದಿನ ಆಕೆಗೆ ವಯಸ್ಸೇ ಇಲ್ಲವೆಂದು ಅವನು ತಿಳಿದಂತಿತ್ತು.

“ನನಗೆ ಒಡೆಯೋ ಬುದ್ಧಿ ಇರಲಿಲ್ಲ,” ಎಂದರು. “ಕಡಿಯೋ ಬುದ್ಧಿ ಇತ್ತು. ನಿಮ್ಮ ಮನೇಲಿ ನಿಜವಾಗ್ಲೂ ಯಾರಿಗೂ ಗೊತ್ತಿಲ್ಲವಾ? ಬಾಗಿಲು ಹಾಕಿ, ಕೂತ್ಕೊಳ್ಳಿ. ಹೇಳ್ತೀನಿ.”

ಸಂಜೆ ಆಫೀಸಿನಿಂದ ಹೊರಬಂದ ಮೇಲೆ ಅವನು ಬಸ್ಸಿಗೆ ಕಾಯಲಿಲ್ಲ, ನಡೆದ. ಸೇತುವೆ, ಅದರ ಕೆಳಗಿನ ಮಂದ ನೀರು, ಹಣ್ಣಿನಂಗಡಿಯವನು ತೂಕದ ಬಟ್ಟಲಿಗೆ ಒಂದು ಹಣ್ಣು ಹಾಕಿ ಒಂದು ಹಣ್ಣು ತೆಗೆಯುವುದು, ಎಲ್ಲವೂ ಕಣ್ಣಿಗೆ ಬಿದ್ದವು, ಒಂದೂ ಒಳಗೆ ಇಳಿಯಲಿಲ್ಲ. ಆ ಹೆಸರು ನುಂಗಲೂ ಆಗದೆ ಉಗುಳಲೂ ಆಗದೆ ಗಂಟಲಲ್ಲಿತ್ತು. ಬೇರೆ ಹೆಸರು ಹೇಳಬಹುದಲ್ಲ ಎಂದು ಸೇತುವೆಯ ನಡುವೆ ಹೊಳೆಯಿತು. ಮೇಡಮ್ಮನದು ಹೇಳಿದರೆ ಅಕ್ಕ ಒಪ್ಪುತ್ತಾಳೆ. ಮೇಲಿನವರು ಕೆಟ್ಟವರೆಂದು ನಂಬುವುದಕ್ಕೆ ಯಾರಿಗೂ ಕಷ್ಟವಿಲ್ಲ. ತನ್ನದೇ ಹೆಸರು ಹೇಳಿದರೆ? ಅಕ್ಕ ಬೈಯುತ್ತಾಳೆ, ಮನೆಗೆ ಬರಬೇಡ ಎನ್ನುತ್ತಾಳೆ. ಕೊನೆಗೆ ನಿಜವಾಗಿ ಅರ್ಹವಾದ ಶಿಕ್ಷೆಯೊಂದು ಸುಳ್ಳು ಕಾರಣಕ್ಕಾದರೂ ಸಿಗುತ್ತದೆ. ಈ ಯೋಚನೆಯಲ್ಲಿ ಒಂದು ಬಗೆಯ ಸುಖವಿತ್ತು, ಆ ಸುಖವೇ ಅವನಿಗೆ ಅಸಹ್ಯ ಹುಟ್ಟಿಸಿತು. ಭಾವನ ಮುಂದೆ ಯಾವ ಹೆಸರನ್ನಿಟ್ಟರೂ ಅವರು ಅದನ್ನು ನೋಡಿ ಮತ್ತೆ ನಗುತ್ತಾರೆ, ಮತ್ತೆ ಉಣ್ಣದೆ ಏಳುತ್ತಾರೆ. ಸುಳ್ಳು ಅಕ್ಕನ ಹೊಟ್ಟೆ ತುಂಬಿಸಬಹುದು, ಅವರದನ್ನಲ್ಲ.

ಅಕ್ಕನ ಮನೆ ತಲುಪುವಾಗ ದೀಪ ಹಚ್ಚಿದ್ದರು. ಅಕ್ಕ ಕಿಟಕಿಯಿಂದಲೇ ಕಂಡು ಹೊರಗೆ ಬಂದಳು, ಬಾಗಿಲನ್ನು ಸದ್ದಾಗದಂತೆ ಹಿಂದಕ್ಕೆ ಎಳೆದುಕೊಂಡಳು. ಒಳಗೆ ಭಾವ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು.

“ಸಿಕ್ತಾ?”

“ಸಿಕ್ತು.”

“ಯಾರು?”

“ಮೊದಲು ಪೂರ್ತಿ ಕೇಳು. ದೊಡ್ಡ ಪ್ರಾಜೆಕ್ಟಲ್ಲಿ ತಲಾ ಅಂಕ ಕಡಿಮೆ ಬರ್ತಿದೆ ಅಂತ ಅರ್ಧ ತಂಡವನ್ನ ತೆಗೆಯೋ ಮಾತಿತ್ತಂತೆ. ಹೊಸಬರನ್ನ. ಇನ್ನೂ ಕಣ್ಣು ಬಿಡ್ತಿರೋರನ್ನ.”

“ಅದಕ್ಕೆ?”

“ಒಬ್ಬರು ಮೇಡಮ್ ಹತ್ರ ಹೋದ್ರಂತೆ, ನನ್ನ ನಕ್ಷೆ ಹಿಡ್ಕೊಂಡು. ಚಿಕ್ಕದಾದ್ರೆ ಅಂಕ ಏರುತ್ತೆ ಅಂತ ಇದರಲ್ಲೇ ಇದೆ, ಒಡೆದುಬಿಡಿ, ಹುಡುಗರು ಉಳ್ಕೋತಾರೆ ಅಂದ್ರಂತೆ. ಕೂತ್ಕೊಳ್ಳಿ ಅಂದ್ರೂ ಕೂರಲಿಲ್ಲವಂತೆ.”

“ಜಾಣ,” ಎಂದಳು ಅಕ್ಕ. “ನಿನ್ನ ಕೋಲಲ್ಲೇ ನಮ್ಮನ್ನ ಹೊಡೆದಿದ್ದಾನೆ.”

“ಒಡೆದ ಮೇಲೆ ಸೇರಿಸೋರು ಬೇಕಲ್ಲ, ಅವರ ಅಂಕ ಎಲ್ಲಿಂದ ಬರುತ್ತೆ ಅಂತ ಮೇಡಮ್ ಕೇಳಿದ್ರಂತೆ. ಅದು ಅಳತೆಗೆ ಬರಲ್ಲ, ನಾನು ವಿಚಾರಿಸಿದ್ದೀನಿ ಅಂದ್ರಂತೆ. ಹುಡುಗರ ಹತ್ರ ಯಾರಿಗೂ ಹೇಳಬೇಡಿ ಅಂತ ಮಾತು ತಗೊಂಡ್ರಂತೆ.”

“ಅಂದ್ರೆ ಗೊತ್ತಿತ್ತು.” ಅವಳ ದನಿ ಸಣ್ಣಗಾಯಿತು, ಸಣ್ಣಗಾದಷ್ಟೂ ಕಾದಿತು. “ಇವರ ಕುತ್ತಿಗೆಗೆ ಬರುತ್ತೆ ಅಂತ ಗೊತ್ತಿದ್ದೇ ಮಾಡಿದ್ದು. ಬೇರೆಯವರ ಮಕ್ಕಳನ್ನ ಉಳಿಸಿ ದೊಡ್ಡ ಮನುಷ್ಯ ಆಗೋಕೆ. ಅವನ ಮನೆ ಹಾಳಾಗ.”

“ಅಕ್ಕ, ಬೇಡ.”

“ಯಾಕೆ ಬೇಡ? ಅವನ ಹೆಂಡ್ತಿನೂ ನನ್ನ ಹಾಗೇ ರಾತ್ರಿಯೆಲ್ಲ ಪಕ್ಕದ ಉಸಿರು ಎಣಿಸ್ತಾ ಮಲಗಲಿ. ಅವಳ ಮಗಳೂ ಶಾಲೆ ಬಿಟ್ಟು ಅಪ್ಪನ್ನ ಕಾಯ್ತಾ ಕೂರಲಿ.”

ಅವನು ಅವಳ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಲು ಎಳೆದಳು, ಅವನು ಬಿಡಲಿಲ್ಲ. ಎಳೆಯುತ್ತಿದ್ದವಳು ಅವನ ಮುಖ ನೋಡಿದಳು, ನೋಡುತ್ತ ನೋಡುತ್ತ ಎಳೆಯುವುದನ್ನು ನಿಲ್ಲಿಸಿದಳು. ಒಳಗೆ ಮಗಳು ಉತ್ತರ ತಪ್ಪು ಹೇಳಿರಬೇಕು. ಪರವಾಗಿಲ್ಲ, ಇನ್ನೊಂದು ಸಲ ನೋಡೋಣ, ಎಂಬ ದನಿ ಬಾಗಿಲ ಸಂದಿಯಿಂದ ಬಂತು.

“ಹೆಸರು ಹೇಳು,” ಎಂದಳು ಅಕ್ಕ. ಈಗ ಕೇಳುವ ದನಿಯಲ್ಲಿ ಬೇಡಿಕೆ ಮಾತ್ರ ಉಳಿದಿತ್ತು, ಬೇರೆ ಯಾವುದಾದರೂ ಹೆಸರನ್ನು ಹೇಳು ಎಂಬ ಬೇಡಿಕೆ.

“ನಮ್ಮ ಭಾವನೇ.”